ಪೂರ್ತಿ ಕೋರ್ಸು

ಡಾಕ್ಟರಿಗೆ ವರ್ಗವಿದೆ, ನರ್ಸಮ್ಮನಿಗೆ ರಜೆಯಿದೆ. ಹಳ್ಳಿಯ ಮೆಡಿಕಲ್ ಷಾಪಿನವನಿಗೆ ಎರಡೂ ಇಲ್ಲ. ರಾತ್ರಿ ಹನ್ನೊಂದಕ್ಕೆ ಕೂಸಿನ ಮೈ ಸುಡತೊಡಗಿದರೆ ಊರವರು ಬಡಿಯುವುದು ಅವನ ಬಾಗಿಲನ್ನೇ. ಅಳವಂಡಿಯಲ್ಲಿ ನಮ್ಮ ಕಾಕಾ ಬಾಳಿದ್ದು ಅಂಥದೊಂದು ಬಾಗಿಲ ಹಿಂದೆ. ಮುಂದೆ ಅಂಗಡಿ, ಹಿಂದೆ ಮನೆ, ನಡುವೆ ಒಂದು ಪರದೆ. ಆ ಕಡೆಯಿಂದ ಒಗ್ಗರಣೆಯ ವಾಸನೆ, ಈ ಕಡೆಯಿಂದ ಸ್ಪಿರಿಟ್ಟು ಮತ್ತು ಬಿ-ಕಾಂಪ್ಲೆಕ್ಸಿನ ವಾಸನೆ. ಎರಡೂ ಕೂಡಿ ಕಾಕಾನ ಅಂಗಿಗೆ ಹತ್ತಿದ ವಾಸನೆಯನ್ನು ಅವನ ಮೂವರು ಹೆಣ್ಣುಮಕ್ಕಳು ಈಗಲೂ ಗುರುತು ಹಿಡಿದಾರು.

ಅಳವಂಡಿ ಅಂದಕೂಡಲೇ ಹೊರಗಿನವರಿಗೆ ನೆನಪಾಗುವವರು ಶಿವಮೂರ್ತಿಸ್ವಾಮಿಗಳು. 1947-48ರ ರಜಾಕಾರರ ಹಾವಳಿಯಲ್ಲಿ, ನಿಜಾಮನ ಗಡಿಯಾಚೆ ಮುಂಬಯಿ ಪ್ರಾಂತ್ಯಕ್ಕೆ ಸೇರಿದ್ದ ಮುಂಡರಗಿಯಲ್ಲಿ ಶಿಬಿರ ಹೂಡಿ ಹೋರಾಡಿದವರು; 1952ರಲ್ಲಿ ಮೊದಲ ಲೋಕಸಭೆಗೆ ಕುಷ್ಟಗಿಯಿಂದ ಪಕ್ಷೇತರರಾಗಿ ಗೆದ್ದವರು. ಕಾಕಾನಿಗೆ ಅವರ ಮೇಲೆ ಭಕ್ತಿ ಬಹಳ, ತಮಾಷೆಗೂ ಅವರನ್ನು ಬಿಡುತ್ತಿರಲಿಲ್ಲ. "ಸ್ವಾಮಿಗಳು ಮುಂಡರಗಿ ದಾರಿ ಹಿಡದು ಸ್ವಾತಂತ್ರ್ಯ ತಂದ್ರು. ನಾ ಅದ ದಾರಿ ಹಿಡದು ಗದಗಿನಿಂದ ಕೆಮ್ಮಿನ ಔಷಧ ತರ್ತೀನಿ" ಎನ್ನುತ್ತಿದ್ದ. ಡಿ.ಫಾರ್ಮ್ ಮುಗಿಸಿ 1980ರ ದಶಕದ ಮೊದಲಲ್ಲಿ ಅವನು ಅಂಗಡಿ ತೆರೆದಾಗ ಕೊಪ್ಪಳ ಇನ್ನೂ ರಾಯಚೂರು ಜಿಲ್ಲೆಯ ಒಂದು ತಾಲ್ಲೂಕು. ಜಿಲ್ಲಾ ಕಚೇರಿಯ ಕಾಗದಪತ್ರಕ್ಕೆ ರಾಯಚೂರು, ಸರಕಿಗೆ ಗದಗ. 1997ರಲ್ಲಿ ಕೊಪ್ಪಳ ಜಿಲ್ಲೆಯಾಯಿತು, ಗದಗವೂ ಆಯಿತು. ಆ ಸಂತೋಷಕ್ಕೆ ಕಾಕಾ ಬಂದ ಗಿರಾಕಿಗಳಿಗೆಲ್ಲ ಪೇಡೆ ಹಂಚಿದ. ಸಕ್ಕರೆ ಕಾಯಿಲೆಯವರಿಗೆ ಅರ್ಧ ಪೇಡೆ.

ಅಳವಂಡಿಯದು ಎರಿ ಭೂಮಿ. ಹಿಂಗಾರಿ ಜೋಳ, ಕಡಲೆ, ಹತ್ತಿ. ಹೊಲದಲ್ಲಿ ಬೆಳೆ ನಿಂತಿರುತ್ತದೆ, ಕಿಸೆಯಲ್ಲಿ ರೊಕ್ಕ ಇರುವುದಿಲ್ಲ. ಆದರೆ ರೋಗವೇನು ಸುಗ್ಗಿ ನೋಡಿ ಬರುತ್ತದೆಯೇ? ಹೀಗಾಗಿ ಇಲ್ಲಿ ಔಷಧದ ಅಂಗಡಿಯೆಂದರೆ ಅರ್ಧ ಉದ್ರಿ ಅಂಗಡಿಯೇ. ಕಾಕಾನ ಕೌಂಟರಿನಲ್ಲಿ ದಿನಕ್ಕೆ ಒಮ್ಮೆಯಾದರೂ ಈ ಮಾತು ನಡೆಯುತ್ತಿತ್ತು:

"ಎರಡ ಗುಳಿಗಿ ಕೊಡ್ರಿ, ಸಾಕು."

"ಎರಡಿಲ್ಲ. ಕೊಟ್ರ ಹದಿನೈದು."

"ಅಷ್ಟು ರೊಕ್ಕ ಎಲ್ಲೈತ್ರಿ?"

"ನಾ ರೊಕ್ಕ ಕೇಳೀನೇನು?"

ದಿನಕ್ಕೆ ಮೂರರಂತೆ ಐದು ದಿನ, ಅಮಾಕ್ಸಿಸಿಲಿನ್. ಎರಡು ನುಂಗಿ ಜ್ವರ ಇಳಿದ ಮೇಲೆ ಯಾವ ರೈತನೂ ಮೂರನೆಯದಕ್ಕೆ ಅಂಗಡಿಗೆ ತಿರುಗಿ ಬರುವುದಿಲ್ಲ. ಅಳಿದುಳಿದ ರೋಗಾಣು ಅವನ ಮೈಯಲ್ಲೇ ತಾಲೀಮು ಮಾಡಿ ಗಟ್ಟಿಯಾಗುತ್ತದೆ. ಮುಂದಿನ ಸಲ ಅದೇ ಗುಳಿಗೆಗೆ ಜಗ್ಗುವುದಿಲ್ಲ. ಅವನಿಗಷ್ಟೇ ಅಲ್ಲ, ಅವನ ಮಗ್ಗುಲಲ್ಲಿ ಮಲಗಿದ ಮೊಮ್ಮಗನಿಗೂ. ಇದನ್ನು ಇಂದು ಜಗತ್ತಿನ ದೊಡ್ಡ ದೊಡ್ಡ ಸಭೆಗಳಲ್ಲಿ ಚರ್ಚಿಸುತ್ತಾರೆ. ಕಾಕಾ ಒಂದೇ ಮಾತಿನಲ್ಲಿ ಮುಗಿಸಿದ್ದ: "ಅರ್ಧ ಕೋರ್ಸು ರೊಕ್ಕಕ್ಕ ಮಾರೂದಕ್ಕಿಂತ ಪೂರ್ತಿ ಕೋರ್ಸು ಉದ್ರಿ ಕೊಡೂದು ಚಲೋ. ಉದ್ರಿ ಮುಳುಗಿದ್ರ ನಾ ಒಬ್ಬಾವ ಮುಳುಗ್ತೀನಿ."

ಅವನೇನೂ ಮುಳುಗಲಿಲ್ಲ, ಏಕೆಂದರೆ ವಸೂಲಿ ಚಿಗವ್ವನ ಕೈಯಲ್ಲಿತ್ತು. ಕಾಕಾನಿಗೆ ಬಾಕಿ ಕೇಳುವುದಕ್ಕೆ ಬಾಯಿಯೇ ಬರುತ್ತಿರಲಿಲ್ಲ. ದಾರಿಯಲ್ಲಿ ಸಾಲಗಾರ ಎದುರಾದರೆ "ಕೆಮ್ಮು ಕಡಿಮಿ ಆತೇನು?" ಎಂದು ಕೇಳಿ, ಉತ್ತರಕ್ಕೂ ಕಾಯದೆ ಸಾಗಿಬಿಡುವವನು. ಚಿಗವ್ವ ಹಾಗಲ್ಲ. ಕಡಲೆ ರಾಶಿಯಾದ ವಾರಕ್ಕೆ ಸಂತೆಯಲ್ಲಿ ಎದುರು ಸಿಕ್ಕವರನ್ನು ನಿಲ್ಲಿಸಿ, "ಕಡ್ಲಿ ಎಷ್ಟ ಚೀಲ ಆದ್ವು?" ಎಂದು ಬಲು ಅಕ್ಕರೆಯಿಂದ ವಿಚಾರಿಸುವಳು. ಆ ಅಕ್ಕರೆಯ ಅರ್ಥ ಎಲ್ಲರಿಗೂ ಗೊತ್ತಿತ್ತು.

ಚೀಟಿ ಇಲ್ಲದೆ ಕಾಕಾ ಒಂದು ಗುಳಿಗೆಯನ್ನೂ ಕೊಡಲಿಲ್ಲ ಎಂದು ನಾನು ಬರೆದರೆ ಅಳವಂಡಿಯವರು ಬಿದ್ದು ಬಿದ್ದು ನಕ್ಕಾರು. ಔಷಧ ಕಾನೂನು 1940ರದು. ಡಾಕ್ಟರ ಚೀಟಿಗಷ್ಟೇ ಕೊಡಬೇಕಾದ ಔಷಧಗಳ ಪಟ್ಟಿಯೂ ಹಳೆಯದೇ. ಆದರೆ ಜ್ವರ ಬಂದವನ ಮುಂದೆ ಕೊಪ್ಪಳದ ಬಸ್ಸು ಹೊರಟುಹೋಗಿದ್ದರೆ ಕಾನೂನು ಒಂದು ಕಡೆ, ಕರುಣೆ ಒಂದು ಕಡೆ ಜಗ್ಗುತ್ತವೆ. ಕಾಕಾ ಆಗಾಗ ಕರುಣೆಯ ಕಡೆ ವಾಲಿದವನು. ಅದೆಲ್ಲವೂ ಸರಿಯಿತ್ತೆಂದು ನಾನು ಹೇಳಲಾರೆ. 2014ರ ಮಾರ್ಚಿನಿಂದ ಎಚ್-1 ಪಟ್ಟಿಯ ನಿಯಮ ಬಂತು. ಹೊಸ ಪೀಳಿಗೆಯ ಆ್ಯಂಟಿಬಯೋಟಿಕ್ಕು, ಕ್ಷಯದ ಔಷಧ, ಕೆಲವು ನಿದ್ದೆಗುಳಿಗೆಗಳನ್ನು ಕೊಟ್ಟರೆ ಡಾಕ್ಟರ ಹೆಸರು, ರೋಗಿಯ ಹೆಸರು, ಕೊಟ್ಟ ಲೆಕ್ಕ ಎಲ್ಲ ಬೇರೆ ರಿಜಿಸ್ಟರಿನಲ್ಲಿ ಬರೆದು ಮೂರು ವರ್ಷ ಇಡಬೇಕು. ಬೇರೆ ಅಂಗಡಿಕಾರರು ಗೊಣಗಿದರು. ಕಾಕಾ ಮಾತ್ರ ಕೆಂಪು ರಟ್ಟಿನ ಪುಸ್ತಕ ತಂದು, ಬರೆಯುವ ಕೆಲಸವನ್ನು ಚಿಗವ್ವನಿಗೆ ಒಪ್ಪಿಸಿದ. ಡಾಕ್ಟರ ಅಕ್ಷರ ಓದಿ ಓದಿ ಅವನ ಅಕ್ಷರವೂ ಹಾಗೇ ಆಗಿಬಿಟ್ಟಿತ್ತು. ತಾನು ಬರೆದದ್ದನ್ನು ಮರುದಿನ ತಾನೇ ಓದಲಾರ.

ಅವನು ಮಾರಿದ ಔಷಧಗಳಿಗಿಂತ, ಮಾರಲು ಔಷಧವೇ ಇಲ್ಲದ ಒಂದು ರೋಗದ ಕತೆ ಇಲ್ಲಿ ಹೇಳಬೇಕು: ನಾರುಹುಣ್ಣು. ಈಗಿನ ಹುಡುಗರಿಗೆ ಅದರ ಹೆಸರೂ ಗೊತ್ತಿಲ್ಲ, ಒಳ್ಳೆಯದಾಯಿತು. ಮೆಟ್ಟಿಲು ಬಾವಿಯ ನೀರು ಕುಡಿದವರ ಹೊಟ್ಟೆಗೆ ಕಣ್ಣಿಗೆ ಕಂಡೂ ಕಾಣದಷ್ಟು ಸಣ್ಣ ನೀರುಹುಳದ ಜೊತೆ ನಾರುಹುಳದ ಮರಿ ಇಳಿಯುತ್ತದೆ. ಒಂದು ವರ್ಷ ಸುಳಿವಿಲ್ಲ. ಆಮೇಲೆ ಕಾಲಲ್ಲಿ ಬೊಬ್ಬೆ ಎದ್ದು, ಉರಿ ಕಿತ್ತು, ಬೊಬ್ಬೆ ಒಡೆದರೆ ಒಳಗಿಂದ ಬಿಳಿ ದಾರದಂಥ ಹುಳ ತಲೆ ಹಾಕುತ್ತದೆ. ಒಂದು ಮೀಟರಿನವರೆಗೂ ಉದ್ದ. ಅದನ್ನು ಕಡ್ಡಿಗೆ ಸುತ್ತಿ ದಿನಕ್ಕೊಂದಿಷ್ಟೇ ಎಳೆಯಬೇಕು. ಅವಸರ ಮಾಡಿದರೆ ತುಂಡಾಗಿ ಕಾಲು ಕೀವು ಕಟ್ಟುತ್ತದೆ. ಬಿತ್ತನೆಯ ಹೊತ್ತಿಗೆ ಗಂಡಸರು ಕಾಲು ಚಾಚಿ ಕಟ್ಟೆಯ ಮೇಲೆ ಕೂತಿರುತ್ತಿದ್ದರು. ಉರಿ ತಾಳಲಾರದೆ ಯಾರಾದರೂ ಬಾವಿಯ ಮೆಟ್ಟಿಲಿಳಿದು ಕಾಲು ಅದ್ದಿದರೆ ಹುಳ ಆ ನೀರಿಗೆ ಮತ್ತೆ ಮರಿ ಬಿಡುತ್ತದೆ, ಊರು ಮತ್ತೊಂದು ವರ್ಷಕ್ಕೆ ಸಿಕ್ಕಿಬೀಳುತ್ತದೆ.

ಅಂಗಡಿ ಇಟ್ಟ ಹೊಸತರಲ್ಲಿ ಜನ ನಾರಿಗೆ ಗುಳಿಗೆ ಕೇಳಿ ಬರುತ್ತಿದ್ದರಂತೆ. ಕೊಡುವ ಗುಳಿಗೆಯೇ ಇರಲಿಲ್ಲ. ಗಾಯಕ್ಕೆ ಪಟ್ಟಿ, ನೋವಿಗೊಂದು ಮಾತ್ರೆ, ಅಷ್ಟೇ. ಕಾಕಾ ಚಿಗವ್ವನ ಹಳೆಯ ಸೀರೆ ಹರಿದು, ಚೌಕ ಚೌಕ ಮಾಡಿ, ಪಟ್ಟಿಯ ಜೊತೆ ಒಂದೊಂದು ತುಂಡು ಕೊಡತೊಡಗಿದ: "ಕೊಡದ ಬಾಯಿಗೆ ಇದನ್ನ ಎರಡ ಪದರ ಮಾಡಿ ಕಟ್ಟಿ ನೀರು ಸೋಸ್ರಿ. ಕಾಲ ಮಾತ್ರ ಬಾವ್ಯಾಗ ಇಡಬ್ಯಾಡ್ರಿ." ಸೀರೆ ಮುಗಿದ ಮೇಲೆ ಚಿಗವ್ವ ಜಗಳ ತೆಗೆದಳು, ಆಮೇಲೆ ತಾನೇ ತವರಿನಿಂದ ಹಳೆಯ ಬಟ್ಟೆಯ ಗಂಟು ತಂದಳು. 1983-84ರ ಹೊತ್ತಿಗೆ ಸರ್ಕಾರದ ನಿರ್ಮೂಲನ ಕಾರ್ಯಕ್ರಮ ಶುರುವಾಯಿತು. ಬೋರು ಕೊರೆದರು, ಬಾವಿಗಳಿಗೆ ಔಷಧ ಹಾಕಿದರು, ಮನೆ ಮನೆ ತಿರುಗಿ ಸೋಸುವುದನ್ನು ಕಲಿಸಿದರು. ದೇಶದ ಕೊನೆಯ ನಾರುಹುಣ್ಣು ಕಂಡದ್ದು 1996ರ ಜುಲೈನಲ್ಲಿ, ರಾಜಸ್ಥಾನದಲ್ಲಿ. 2000ದಲ್ಲಿ ಭಾರತ ಅದರಿಂದ ಮುಕ್ತವೆಂದು ವಿಶ್ವ ಆರೋಗ್ಯ ಸಂಸ್ಥೆ ಸಾರಿತು. ಲಸಿಕೆಯಿಲ್ಲದೆ, ಗುಳಿಗೆಯಿಲ್ಲದೆ, ಬಟ್ಟೆ ಮತ್ತು ಬುದ್ಧಿವಾದದಿಂದ ಹೋದ ರೋಗ ಅದು. ಔಷಧ ಮಾರುವವನಿಗೆ ಇದು ಹೆಮ್ಮೆಯ ವಿಷಯವಾಗುವುದು ವಿಚಿತ್ರವೇ, ಆದರೆ ಕಾಕಾನಿಗೆ ಆಗಿತ್ತು.

ಅವನ ಇನ್ನೊಂದು ಹೆಮ್ಮೆ ಸಕ್ಕರೆ-ಉಪ್ಪಿನ ನೀರು. 1971ರ ಬಾಂಗ್ಲಾ ನಿರಾಶ್ರಿತರ ಶಿಬಿರದಲ್ಲಿ ಕಾಲರಾ ಹಬ್ಬಿ ಸಲೈನ್ ಬಾಟಲಿ ತೀರಿಹೋದಾಗ ಡಾ. ದಿಲೀಪ್ ಮಹಲನಬಿಸ್ ಆ ನೀರನ್ನು ಡ್ರಮ್ಮುಗಟ್ಟಲೆ ಕಲಸಿ ಕುಡಿಸಿ ಸಾವಿರಾರು ಜೀವ ಉಳಿಸಿದ್ದರು. 2023ರಲ್ಲಿ ಅವರಿಗೆ ಮರಣೋತ್ತರ ಪದ್ಮವಿಭೂಷಣ ಬಂದ ಸುದ್ದಿಯನ್ನು ಕಾಕಾ ಪೇಪರಿನಿಂದ ಕತ್ತರಿಸಿ ಕೌಂಟರಿನ ಗಾಜಿನ ಕೆಳಗಿಟ್ಟ. ಓಆರ್‌ಎಸ್ ಪುಡಿ ಕೇಳಿ ಬಂದವರಿಗೆ ಪುಡಿಯ ಜೊತೆ ಆ ಸುದ್ದಿಯೂ ಬಿಟ್ಟಿ. ರೊಕ್ಕವಿಲ್ಲದವರಿಗೆ ಮನೆಯಲ್ಲೇ ಮಾಡುವ ಲೆಕ್ಕ ಹೇಳಿಕೊಡುವನು: ಒಂದು ಲೀಟರ್ ಕಾಯಿಸಿ ಆರಿಸಿದ ನೀರಿಗೆ ಆರು ಚಹಾ ಚಮಚ ಸಕ್ಕರೆ, ಅರ್ಧ ಚಮಚ ಉಪ್ಪು.

ಪರದೆಯ ಹಿಂದಿನ ಕಾಕಾ ಬೇರೆಯೇ ಮನುಷ್ಯ. ಊರಿಗೆಲ್ಲ "ಎರಡ ದಿನಾ ನೋಡ್ರಿ, ತಾನ ಇಳೀತದ" ಎಂದು ಧೈರ್ಯ ಹೇಳುವವನಿಗೆ ಸ್ವಂತ ಮಗಳು ಎರಡು ಸಲ ಸೀನಿದರೆ ಕೈಕಾಲು ಆಡುತ್ತಿರಲಿಲ್ಲ. ಥರ್ಮಾಮೀಟರನ್ನು ಮಗುವಿನ ಕಂಕುಳಲ್ಲಿಟ್ಟು ತೆಗೆದು, ನಂಬಿಕೆಯಾಗದೆ ತನ್ನ ಕಂಕುಳಲ್ಲಿಟ್ಟು, ಅದು ಸರಿಯಿದೆಯೆಂದು ಖಾತ್ರಿಯಾದ ಮೇಲೆ ಮತ್ತೆ ಮಗುವಿಗಿಟ್ಟು, ಕಡೆಗೆ ಮಗುವನ್ನೆತ್ತಿಕೊಂಡು ಕೊಪ್ಪಳದ ಬಸ್ಸು ಹತ್ತುವನು. ಅಲ್ಲಿ ಡಾಕ್ಟರು ಹೇಳುತ್ತಿದ್ದುದು ಅವನದೇ ಮಾತು: ಎರಡು ದಿನ ನೋಡಿ. ತಿರುಗಿ ಬರುವಾಗ ಮುಖ ಸಪ್ಪಗೆ, ಕೈಯಲ್ಲಿ ಮಗುವಿಗೆ ಬಾಳೆಹಣ್ಣು.

ಬೆಳಿಗ್ಗೆ ಅಂಗಡಿ ತೆರೆಯುವ ಮೊದಲು ಮೂವರ ಜಡೆ ಹಾಕುತ್ತಿದ್ದುದು ಅವನೇ. ಚಿಗವ್ವನದು ರೊಟ್ಟಿ ಬಡಿಯುವ ಹೊತ್ತು. ಪುಡಿಯ ಪೊಟ್ಟಣ ಮಡಿಚಿ ಪಳಗಿದ ಬೆರಳು, ಜಡೆಯೂ ಬಿಗಿ. ಸಂಜೆಯವರೆಗೆ ಒಂದು ಕೂದಲು ಕದಲುತ್ತಿರಲಿಲ್ಲ, ಹುಡುಗಿಯರ ಹುಬ್ಬು ಮಾತ್ರ ಮೇಲೇರಿರುತ್ತಿತ್ತು. ಬಾಯಿ ಹುಣ್ಣಾದರೆ ಜೆನ್ಶನ್ ವೈಲೆಟ್ ಬಳಿದು ಶಾಲೆಗೆ ಕಳಿಸುವನು, ನೇರಳೆ ಹಣ್ಣು ತಿಂದವರ ಹಾಗೆ ನಾಲಿಗೆ ತೋರಿಸುತ್ತ ಅವರು ಓಡುವರು. ಮನೆಯ ಗೋಡೆಯ ಮೇಲೆ ಗವಿಸಿದ್ಧೇಶ್ವರರ ಫೋಟೋ. ಅದರ ಎಡಕ್ಕೆ ಕಂಪನಿಯವರು ಕೊಟ್ಟ ಕ್ಯಾಲೆಂಡರಿನಲ್ಲಿ ಪಿತ್ತಕೋಶ, ಬಲಕ್ಕೆ ಮೂತ್ರಪಿಂಡ. ದೇವರಿಗೆ ಕೈ ಮುಗಿದವರು ಮೂವರಿಗೂ ಮುಗಿದಂತಾಗುತ್ತಿತ್ತು.

ಮನೆಗೆ ಮೊದಲು ಬಂದ ಫ್ರಿಜ್ಜು ಮನೆಯವರಿಗಾಗಿ ಬರಲಿಲ್ಲ, ಇನ್ಸುಲಿನ್‌ಗಾಗಿ ಬಂತು. 2ರಿಂದ 8 ಡಿಗ್ರಿಯೊಳಗೆ ಅದು ಇರಬೇಕು. ಮೊಸರು, ಹಾಲು, ತರಕಾರಿ ಯಾವುದೂ ಒಳಗೆ ಹೋಗುವಂತಿಲ್ಲ. ಬೇಸಿಗೆಯಲ್ಲಿ ಮಕ್ಕಳು ಅದರ ಬಾಗಿಲನ್ನು ಆಸೆಯಿಂದ ನೋಡುವವು. ಒಮ್ಮೆ ಊರಿಗೆ ಬಂದ ಮೆಡಿಕಲ್ ರೆಪ್ ಒಬ್ಬ, ಕರೆಂಟು ಹೋದಾಗ ತಂಪು ಉಳಿಯಬೇಕಾದರೆ ಖಾಲಿ ಜಾಗದಲ್ಲಿ ನೀರಿನ ಬಾಟಲಿ ತುಂಬಿಡಿ ಎಂದು ಸಲಹೆ ಕೊಟ್ಟ. ಮಕ್ಕಳಿಗೆ ಕೇಳಿಸಿತು. ಅಂದಿನಿಂದ ವಿಜ್ಞಾನದ ಹೆಸರಿನಲ್ಲಿ ಮನೆಗೆ ತಣ್ಣೀರು ಬಂತು. ಕುಡಿದ ಬಾಟಲಿ ತಕ್ಷಣ ತುಂಬಿಡಬೇಕು ಎಂಬ ಷರತ್ತಿನ ಮೇಲೆ ಕಾಕಾ ಸುಮ್ಮನಿದ್ದ.

ಅಂಗಡಿಗೆ ಬೀಗ ಬೀಳುತ್ತಿದ್ದುದು ಕೊಪ್ಪಳದ ಗವಿಮಠದ ಜಾತ್ರೆಯ ತೇರಿನ ದಿನ. ಇಡೀ ಮನೆ ಕಟ್ಟಿಕೊಂಡು ಹೊರಡುವನು. ಚಿಗವ್ವನ ಚೀಲದಲ್ಲಿ ರೊಟ್ಟಿ, ಶೇಂಗಾ ಹಿಂಡಿ. ಅವನ ಚೀಲದಲ್ಲಿ ಓಆರ್‌ಎಸ್, ಪಟ್ಟಿ, ಆ್ಯಸಿಡಿಟಿ ಗುಳಿಗೆ. ದಾಸೋಹದ ಮಿರ್ಚಿ ಭಜಿ ತಿಂದು ಎದೆ ಹಿಡಿದುಕೊಂಡವರು ಜನಸಾಗರದಲ್ಲೂ ಅವನನ್ನು ಹುಡುಕಿ ಬರುತ್ತಿದ್ದರು. ಅವನು ತಾನೂ ತಿಂದು, ಗುಳಿಗೆ ಹಂಚಿ, ಕಿರಿ ಮಗಳನ್ನು ಹೆಗಲ ಮೇಲೆ ಕೂರಿಸಿಕೊಂಡು ತೇರು ತೋರಿಸುವನು.

ಕಾಕಾ ಹೋದದ್ದು ಎದೆನೋವಿನಿಂದ, ಆಸ್ಪತ್ರೆ ಮುಟ್ಟುವ ಮೊದಲೇ. ಅದರ ಬಗ್ಗೆ ಹೆಚ್ಚು ಬರೆಯಲು ನನಗೆ ಮನಸ್ಸಿಲ್ಲ. ಮಣ್ಣು ಮುಗಿದ ಮೇಲೆ ಉಳಿದದ್ದು ಅಂಗಡಿಯ ಪ್ರಶ್ನೆ. ನೋಂದಾಯಿತ ಫಾರ್ಮಸಿಸ್ಟ್ ಇಲ್ಲದ ಅಂಗಡಿಯಲ್ಲಿ ಔಷಧ ಮಾರುವಂತಿಲ್ಲ. ಮಕ್ಕಳಲ್ಲಿ ಒಬ್ಬಳು ಶಿಕ್ಷಕಿ, ಒಬ್ಬಳು ಬ್ಯಾಂಕಿನಲ್ಲಿ, ಒಬ್ಬಳು ಎಂಜಿನಿಯರು. ಅಷ್ಟು ವರ್ಷ ಆ ಕೌಂಟರಿನಲ್ಲಿ ಕೂತು ರಿಜಿಸ್ಟರು ಬರೆದ ಚಿಗವ್ವನಿಗೆ ಯಾವ ಗುಳಿಗೆ ಯಾವ ಕಪಾಟಿನಲ್ಲಿದೆ, ಯಾವುದು ಊಟದ ಮೊದಲು, ಯಾವುದು ನಂತರ ಎಲ್ಲ ಬಾಯಿಪಾಠ. ಆದರೆ ಕಾಗದವಿಲ್ಲ. ಅಳಿಯಂದಿರು ಸರಕನ್ನು ಡಬ್ಬಿಗಳಿಗೆ ತುಂಬಿ ಹೋಲ್‌ಸೇಲಿನವರಿಗೆ ಮರಳಿಸಲು ಕಟ್ಟಿಟ್ಟರು.

ಆ ಡಬ್ಬಿಗಳ ನಡುವೆಯೇ ಮಾತಾಡಿಸಲು ಬಂದವರು ಕೂರುತ್ತಿದ್ದರು. ಕವಲೂರ ಕಡೆಯ ಒಬ್ಬ ಮುದುಕ ಬಂದು, ಅತ್ತು, ಚಹಾ ಕುಡಿದು, ಎದ್ದವನು ಬಾಗಿಲಲ್ಲಿ ನಿಂತ.

"ಯವ್ವಾ, ಆ ಸಣ್ಣ ಬಿಳೀ ಗುಳಿಗಿ ಕೊಡತಿದ್ರಲ್ಲ ಅವ್ರು, ಅದರ ಹೆಸರೇನು? ಬ್ಯಾರೆ ಅಂಗಡ್ಯಾಗ ಕೇಳಿದ್ರ ನಗ್ತಾರ. ಎಲ್ಲಾ ಗುಳಿಗೀನೂ ಬಿಳೀನ ಅಂತಾರ."

"ಬಿಪಿದು. ಅಮ್ಲೋಡಿಪಿನ್ ಐದು" ಎಂದಳು ಚಿಗವ್ವ. ಆಮೇಲೆ ಕಣ್ಣು ಕಿರಿದು ಮಾಡಿ ಕೇಳಿದಳು: "ಯಜ್ಜಾ, ಎಷ್ಟ ದಿನಾ ಆತು ಬಿಟ್ಟು?"

"ಅವ್ರು ಹೋದಾಗಿಂದ ತಗೊಂಡಿಲ್ಲವ್ವಾ."

"ಅವ್ರು ಹೋದ್ರು ಅಂತ ನೀ ಗುಳಿಗಿ ಬಿಡೂದ? ಅವ್ರಿದ್ರ ಏನ ಅಂತಿದ್ರು?"

ಅವಳ ಹಿಂದಿನ ಡಬ್ಬಿಯಲ್ಲಿ ಅದೇ ಗುಳಿಗೆಯ ನೂರು ಸ್ಟ್ರಿಪ್ಪಾದರೂ ಇದ್ದಿರಬೇಕು. ಕೈ ಹಾಕಲಿಲ್ಲ. ಕ್ಯಾಲೆಂಡರಿನ ಹಾಳೆ ಹರಿದು, ಬೆನ್ನಿಗೆ ದಪ್ಪ ಅಕ್ಷರದಲ್ಲಿ ಹೆಸರು ಬರೆದು, ಮೊಮ್ಮಗನನ್ನು ಜೊತೆ ಮಾಡಿ ಬೇರೆ ಅಂಗಡಿಗೆ ಕಳಿಸಿದಳು. ಅವರು ಅಂಗಳ ದಾಟುವಾಗ ಹಿಂದಿನಿಂದ ಕೂಗಿ ಹೇಳಿದಳು:

"ಹತ್ತು ತಗೋಬ್ಯಾಡ, ಮೂವತ್ತೂ ತಗೋ. ರೊಕ್ಕ ಕಡಿಮಿ ಬಿದ್ರ ನಮ್ಮ ಮನೀ ಹೆಸರಿಗೆ ಉದ್ರಿ ಬರಕೋ ಅನ್ನು. ಕಡ್ಲಿ ರಾಶಿ ಆದ ಮ್ಯಾಲೆ ನಾ ನಿನ್ನ ಸಂತ್ಯಾಗ ನೋಡ್ತೀನಿ."