ಕುರ್ಚಿಯ ನಿಮಿತ್ತ ಚನ್ನಪಟ್ಟಣದ ಯಾತ್ರೆ

ಜನರು ಯಾತ್ರೆಗೆ ಹೊರಡುವುದು ಪುಣ್ಯಾರ್ಥವಾಗಿ, ಇಲ್ಲವೆ ವ್ಯಾಪಾರಾರ್ಥವಾಗಿ, ಇಲ್ಲವೆ ಕೇವಲ ಕಣ್ಣಿನ ತೃಪ್ತಿಗಾಗಿ. ನಾವು ಕಳೆದ ಮಾಘಮಾಸದಲ್ಲಿ ಚನ್ನಪಟ್ಟಣಕ್ಕೆ ಹೋದುದು ಒಂದು ಕುರ್ಚಿಯ ನಿಮಿತ್ತವಾಗಿ. ಅದೂ ನಮಗೆ ಬೇಕಾದ ಕುರ್ಚಿಯಲ್ಲ; ಎಂಟು ತಿಂಗಳ ನಮ್ಮ ಮೊಮ್ಮಗನಿಗೆ ಬೇಕೋ ಬೇಡವೋ ಎಂದು ಮನೆಯಲ್ಲಿ ಹದಿನೈದು ದಿನಗಳಿಂದ ವಾದಕ್ಕೆ ಬಿದ್ದಿದ್ದ, ಹೈಚೇರೆಂಬ ಎತ್ತರದ ಕುರ್ಚಿ. ಮೂವತ್ತೈದು ವರ್ಷ ಹೈಸ್ಕೂಲಿನಲ್ಲಿ ಸಂಸ್ಕೃತವನ್ನೂ ಕನ್ನಡವನ್ನೂ ಬೋಧಿಸಿ ನಿವೃತ್ತರಾದ ಮೇಲೆ ನಮಗೆ ಒದಗಿದ ಮೊದಲನೆಯ ಗಂಭೀರ ಜಿಜ್ಞಾಸೆ ಇದು ಎಂದರೆ ವಾಚಕರು ನಗಬಹುದು. ನಗಲಿ. ಕೂಸಿರುವ ಮನೆಯಲ್ಲಿ ಇದಕ್ಕಿಂತ ಸಣ್ಣ ವಿಷಯಕ್ಕೂ ಮಾತು ಬಿಟ್ಟವರುಂಟು.

ವಿಷಯವಿಷ್ಟು. ಆರನೆಯ ತಿಂಗಳಿನಲ್ಲಿ ಶಾಸ್ತ್ರೋಕ್ತವಾಗಿ ಅನ್ನಪ್ರಾಶನವಾಯಿತು. ಆಶ್ವಲಾಯನ ಗೃಹ್ಯಸೂತ್ರವು ವಿಧಿಸಿರುವ ಕಾಲವೂ ಅದೇ. ಆರು ತಿಂಗಳು ತಾಯಿಯ ಹಾಲೊಂದೇ ಸಾಕು, ಆಮೇಲೆ ಹಾಲಿನೊಡನೆ ಬೇರೆ ಆಹಾರವೂ ಬೇಕು ಎಂದು ವಿಶ್ವ ಆರೋಗ್ಯ ಸಂಸ್ಥೆಯವರು ಹೇಳುವ ಕಾಲವೂ ಅದೇ. ಅಲ್ಲಿಯವರೆಗೆ ಯಾರಿಗೂ ಯಾರೊಡನೆಯೂ ಭಿನ್ನಾಭಿಪ್ರಾಯವಿರಲಿಲ್ಲ. ರಾಗಿ ಸರಿಯನ್ನು ಉಣ್ಣಿಸುವಾಗ ಕೂಸನ್ನು ಎಲ್ಲಿ ಕೂರಿಸಬೇಕೆಂಬಲ್ಲಿ ಮನೆ ಎರಡಾಯಿತು.

"ಮೂರು ಮಕ್ಕಳನ್ನೂ ಕಾಲಮೇಲೆ ಹಾಕಿಕೊಂಡು ಉಣ್ಣಿಸಿದೆ. ಯಾವುದು ಕುರ್ಚಿ ಕೇಳಿತ್ತು?" ಎಂದರು ನಮ್ಮ ಮನೆಯವರು.

"ಅತ್ತೆ, ಮಲಗಿಸಿಕೊಂಡು ಉಣ್ಣಿಸಿದರೆ ನೆತ್ತಿಗೆ ಹತ್ತುತ್ತದೆ, ನೆಟ್ಟಗೆ ಕೂರಿಸಿಯೇ ಉಣ್ಣಿಸಬೇಕು ಅಂತ ಡಾಕ್ಟರು ಹೇಳಿದ್ದಾರೆ" ಎಂದಳು ಸೊಸೆ. ಅವಳ ರಜೆ ಮುಗಿಯಲು ಒಂದೇ ತಿಂಗಳು ಉಳಿದಿತ್ತು. ಅವಳು ಕೆಲಸಕ್ಕೆ ಹೊರಟ ಮೇಲೆ ಮಧ್ಯಾಹ್ನದ ಊಟವೆಲ್ಲ ಅಜ್ಜಿಯ ಪಾಲಿಗೇ ಬರುವುದಾಗಿತ್ತು.

ನಾವು ಮಧ್ಯಸ್ಥರಾಗಿರಬೇಕಾದವರು ಪಕ್ಷಪಾತಿಗಳಾದೆವೆಂದು ಒಪ್ಪಿಕೊಳ್ಳಬೇಕು. ಸುಶ್ರುತ ಸಂಹಿತೆಯ ಶಾರೀರಸ್ಥಾನದಲ್ಲಿ ಶಿಶುವನ್ನು ಬೇಗನೆ ಕೂರಿಸಬಾರದು, ಕೂರಿಸಿದರೆ ಬೆನ್ನು ಬಾಗಿ ಗೂನಾಗುವ ಭಯವುಂಟು ಎಂಬ ಮಾತಿದೆ. ಅದನ್ನು ಹೇಳಿ ನಾವು ಗೆದ್ದೆವೆಂದುಕೊಂಡೆವು. ಸೊಸೆ ಸುಮ್ಮನೆ ಕೂಸಿನ ಕಡೆ ಕೈತೋರಿಸಿದಳು. ಅವನು ಚಾಪೆಯ ಮೇಲೆ ಯಾರ ಆಧಾರವೂ ಇಲ್ಲದೆ ಕುಳಿತು ನಮ್ಮ ಕನ್ನಡಕದ ಡಬ್ಬಿಯನ್ನು ಕಚ್ಚುತ್ತಿದ್ದನು. "ಮಾವ, ಅವನನ್ನು ಯಾರೂ ಕೂರಿಸಲಿಲ್ಲ, ತಾನೇ ಕೂತಿದ್ದಾನೆ. ನಿಮ್ಮ ಸುಶ್ರುತರ ಮಾತು ಈಗ ಇವನಿಗೆ ಹತ್ತುತ್ತದೆಯೇ?" ಎಂದಳು. ಹತ್ತುವುದಿಲ್ಲ. ಕೂರಲಾರದ ಕೂಸಿಗೆ ಹೇಳಿದ ನಿಷೇಧವನ್ನು ಕೂರುವ ಕೂಸಿಗೆ ಅನ್ವಯಿಸುವುದು ತರ್ಕದೋಷ; ಇದೇ ತಪ್ಪನ್ನು ಪರೀಕ್ಷೆಯ ಉತ್ತರಪತ್ರಿಕೆಯಲ್ಲಿ ಕಂಡಿದ್ದರೆ ಕೆಂಪು ಮಸಿಯಿಂದ ಗೀಟು ಹಾಕುತ್ತಿದ್ದೆವು. ಅದೇ ಅಧ್ಯಾಯದಲ್ಲಿಯೇ ಆರನೆಯ ತಿಂಗಳಿನಲ್ಲಿ ಲಘುವಾದ ಹಿತವಾದ ಅನ್ನವನ್ನು ಕೊಡಬೇಕೆಂದೂ ಇದೆ.

ಆದರೂ ಸೋಲನ್ನು ಪೂರ್ತಿಯಾಗಿ ಒಪ್ಪಲು ಮನಸ್ಸು ಬಾರದೆ, "ಕೊಳ್ಳುವುದಾದರೆ ಪ್ಲಾಸ್ಟಿಕ್ಕಿನದು ಬೇಡ, ಚನ್ನಪಟ್ಟಣದಲ್ಲಿ ಮರದ್ದು ಮಾಡಿಸೋಣ" ಎಂದೆವು. ಅಲ್ಲಿಗೆ ಬೆಂಗಳೂರಿನಿಂದ ಸುಮಾರು 60 ಕಿಲೋಮೀಟರು. ಮರುದಿನ ಬೆಳಗ್ಗೆಯೇ ಮಗನ ಕಾರಿನಲ್ಲಿ ಎಲ್ಲರೂ ಹೊರಟೆವು.

ಮಗನಿಗೆ ಹೊಸ ರಸ್ತೆಯ ಆಸೆ. ನಾವು ಹಟಹಿಡಿದು ಹಳೆಯ ರಸ್ತೆಯಲ್ಲಿಯೇ ಹೋಗುವಂತೆ ಮಾಡಿದೆವು. ಬಿಡದಿಯ ತಟ್ಟೆ ಇಡ್ಲಿ, ರಾಮನಗರದ ಬಂಡೆಗಳು ಇವುಗಳನ್ನು ಕುರಿತು ಬರೆದವರು ಬಹಳ ಮಂದಿಯಿದ್ದಾರೆ; ಬಂಡೆಗಳು ಈಗಲೂ ಇದ್ದಲ್ಲಿಯೇ ಇವೆಯೆಂದು ಹೇಳಿ ಮುಂದೆ ಹೋಗುತ್ತೇವೆ. ಆದರೆ ದಾರಿಯಲ್ಲಿ ಒಂದು ಹೋಟೆಲಿನಲ್ಲಿ ನಡೆದ ಪ್ರಸಂಗವನ್ನು ಬಿಡುವಂತಿಲ್ಲ.

ಉಪಾಹಾರಕ್ಕೆಂದು ಅಲ್ಲಿ ಇಳಿದೆವು. ಮಾಣಿಯು ಕೂಸನ್ನು ಕಂಡು ಒಳಗಿನಿಂದ ಒಂದು ಎತ್ತರದ ಕುರ್ಚಿಯನ್ನು ತಂದಿಟ್ಟನು. ವಾದಕ್ಕೆ ಪ್ರತ್ಯಕ್ಷ ಪ್ರಮಾಣವೇ ಸಿಕ್ಕಿತೆಂದು ಸೊಸೆಗೆ ಸಂತೋಷ. ಅದರ ಪಟ್ಟಿಯ ಕೊಂಡಿ ಎಂದೋ ಮುರಿದುಹೋಗಿತ್ತು. ಐದು ನಿಮಿಷಕ್ಕೆ ಏನಾದೀತೆಂದು ಹಾಗೆಯೇ ಕೂರಿಸಿದೆವು. ಕುರ್ಚಿಯನ್ನು ಮೇಜಿಗೆ ಒತ್ತಿ ಇಟ್ಟಿದ್ದೆವು. ಇಡ್ಲಿ ಬರುವಷ್ಟರಲ್ಲಿ ಕೂಸು ಎರಡು ಪಾದಗಳನ್ನೂ ಮೇಜಿನ ಅಂಚಿಗೆ ಊರಿ ಬಲವಾಗಿ ಒದ್ದಿತು. ಕುರ್ಚಿಯ ಮುಂಗಾಲುಗಳು ನೆಲ ಬಿಟ್ಟವು. ಮಗನ ಎಡಗೈ ಹೇಗೋ ಬೆನ್ನಿಗೆ ಸಿಕ್ಕಿದುದರಿಂದ ಅನರ್ಥವಾಗಲಿಲ್ಲ. ಕೂಸು ನಕ್ಕಿತು. ಉಳಿದವರಾರೂ ಆ ಇಡ್ಲಿಯ ರುಚಿಯನ್ನು ಅರಿಯಲಿಲ್ಲ. ನಮ್ಮ ಮನೆಯವರು ಕೂಸನ್ನೆತ್ತಿಕೊಂಡು ಹೊರಗೆ ಹೋಗಿ ನಿಂತರು, "ನಾನು ಹೇಳಲಿಲ್ಲವೆ?" ಎಂದು ಕೂಡ ಹೇಳಲಿಲ್ಲ. ಅವರು ಅಷ್ಟು ಸುಮ್ಮನಾದುದನ್ನು ನಾವು ನೋಡಿರುವುದು ಕಡಮೆ.

ಕಾರಿನಲ್ಲಿ ಕುಳಿತ ಮೇಲೆ ಯೋಚಿಸಿದೆವು. ಬೀಳುವಂತಾದುದು ಎತ್ತರದಿಂದಲ್ಲ, ಕೂಸಿಗೆ ಒದೆಯಲು ಮೇಜು ಸಿಕ್ಕಿದುದರಿಂದ, ಕುರ್ಚಿಯ ಕಾಲುಗಳು ಸಾಕಷ್ಟು ಅಗಲವಾಗಿ ಚಾಚಿರದಿದ್ದುದರಿಂದ. ಪಟ್ಟಿಯಿದ್ದಿದ್ದರೂ ಕುರ್ಚಿ ಉರುಳುತ್ತಿತ್ತು. ಪಟ್ಟಿಯ ಕೆಲಸ ಬೇರೆ, ಕೂಸು ಎದ್ದು ನಿಲ್ಲದಂತೆ, ತಟ್ಟೆಯ ಕೆಳಗೆ ಜಾರದಂತೆ ತಡೆಯುವುದು. ಎರಡು ಅಪಾಯಕ್ಕೆ ಎರಡು ಉಪಾಯ. ಆದರೆ ಆಗ ಇದನ್ನು ಬಾಯಿಬಿಟ್ಟು ಹೇಳುವ ಸಮಯವಲ್ಲವಾದುದರಿಂದ ಸುಮ್ಮನಿದ್ದೆವು.

ಚನ್ನಪಟ್ಟಣದ ಹಳೆಯ ರಸ್ತೆಯ ಎರಡು ಬದಿಯಲ್ಲಿಯೂ ಬೊಂಬೆಯ ಅಂಗಡಿಗಳ ಸಾಲು. ಹಿಂದೆ ಮೈಸೂರಿಗೆ ಹೋಗುವವರೆಲ್ಲ ಇಲ್ಲಿ ನಿಂತು ಒಂದು ಕುದುರೆಯನ್ನೋ ಬುಗುರಿಯನ್ನೋ ಕೊಂಡೇ ಹೋಗುತ್ತಿದ್ದರು. 2023ರ ಮಾರ್ಚಿ ತಿಂಗಳಿನಲ್ಲಿ ಹೊಸ ಹೆದ್ದಾರಿಯ ಉದ್ಘಾಟನೆಯಾದ ಮೇಲೆ ವಾಹನಗಳು ಊರನ್ನು ಬಳಸಿಕೊಂಡು ಹೊರಗಿನಿಂದಲೇ ಓಡಿಹೋಗುತ್ತವೆ. ಹಲವು ಅಂಗಡಿಗಳ ಮುಂದೆ ಯಜಮಾನರು ಕುಳಿತು ರಸ್ತೆಯನ್ನು ನೋಡುತ್ತಿದ್ದರು. ಪ್ರಯಾಣದಲ್ಲಿ ಅರ್ಧ ಗಂಟೆ ಉಳಿಸಿದವರು ಆ ಅರ್ಧ ಗಂಟೆಯಿಂದ ಏನು ಮಾಡುವರೋ ನಮಗೆ ತಿಳಿಯದು.

ಒಂದು ಅಂಗಡಿಯ ಹಿಂಭಾಗದಲ್ಲಿಯೇ ಕಾರ್ಖಾನೆ. ಎಪ್ಪತ್ತರ ಸಮೀಪದ ಮುಸಲ್ಮಾನ ಕುಶಲಿಯೊಬ್ಬರು ಯಂತ್ರದ ಮುಂದೆ ಕುಳಿತಿದ್ದರು. ಟಿಪ್ಪೂ ಸುಲ್ತಾನನು ಪಾರಸಿಕ ದೇಶದ ಕುಶಲಿಗಳನ್ನು ಕರೆಯಿಸಿ ಈ ವಿದ್ಯೆಯನ್ನು ಇಲ್ಲಿ ನೆಲೆಗೊಳಿಸಿದನೆಂಬುದು ಜನಜನಿತವಾದ ಮಾತು. ಅವರು ಬಳಸುವುದು ಆಲೆಮರ. ಕಡಿದಾಗ ಹಾಲು ಸುರಿಸುವ, ಒಣಗಿದ ಮೇಲೆ ದಂತದಂತೆ ಬೆಳ್ಳಗಿರುವ ಮರ. ಎರಡು ಮೂರು ತಿಂಗಳು ಒಣಗಿಸಿ ತುಂಡು ಮಾಡಿ ತಿರುಗುವ ಯಂತ್ರಕ್ಕೆ ಸಿಕ್ಕಿಸುತ್ತಾರೆ. ಉಳಿ ಹಿಡಿದರೆ ಸಿಪ್ಪೆ ದಾರದಂತೆ ಸುರುಳಿಸುರುಳಿಯಾಗಿ ಬೀಳುತ್ತದೆ. ಆಕಾರ ಬಂದ ಮೇಲೆ ಬಣ್ಣ ಬೆರೆಸಿದ ಅರಗಿನ ಕಡ್ಡಿಯನ್ನು ತಿರುಗುತ್ತಿರುವ ಮರಕ್ಕೆ ಒತ್ತುತ್ತಾರೆ. ಉಜ್ಜುವುದರಿಂದ ಹುಟ್ಟುವ ಬಿಸಿಯಿಂದಲೇ ಅರಗು ಕರಗಿ ಮರಕ್ಕೆ ಅಂಟುತ್ತದೆ. ಆ ಬಳಿಕ ಕೇದಗೆಯ ಗರಿಯನ್ನು ಮಡಿಸಿ ಒತ್ತಿ ಹಿಡಿದರೆ ಕನ್ನಡಿಯ ಹೊಳಪು ಬರುತ್ತದೆ. ಪಾಂಡವರನ್ನು ಸುಡುವುದಕ್ಕೆಂದು ಕೌರವರು ಮನೆ ಕಟ್ಟಿಸಿದ್ದೂ ಅರಗಿನಿಂದಲೇ. ಅದೇ ಅರಗು ಇಲ್ಲಿ ಕೂಸಿನ ಬಾಯಿಗೆ ಹೋದರೂ ಬಾಧಕವಿಲ್ಲದ ಗಿಲಕಿಯ ಮೈಬಣ್ಣವಾಗಿದೆ. ಹಳದಿಗೆ ಅರಿಸಿನ, ನೀಲಿಗೆ ನೀಲಿಗಿಡ. ಮಕ್ಕಳ ಸಾಮಾನಿಗೆ ಇಂತಹ ಬಣ್ಣವನ್ನೇ ಕೇಳಿ ಕೊಳ್ಳುವುದು ಒಳ್ಳೆಯದು.

ಕುರ್ಚಿಯ ವಿಚಾರವನ್ನು ಎತ್ತಿದೆವು. ಅವರು ಯಂತ್ರವನ್ನು ನಿಲ್ಲಿಸಿದರು. "ಮೇಷ್ಟ್ರೇ, ದುಡ್ಡು ಕೊಡ್ತೀರಿ ಅಂತ ಹೂಂ ಅನ್ನಬಹುದು. ಆದರೆ ನಮ್ಮದು ಕಡೆಯೋ ಕೆಲಸ. ಕುರ್ಚಿ ಬಡಗಿಯ ಕೆಲಸ. ಮಗು ಕೂತು ಕುಣಿದರೆ ಭಾರವೆಲ್ಲ ಸಂದುಗಳ ಮೇಲೆ ಬೀಳುತ್ತೆ. ಅದಕ್ಕೆ ಬೇರೆ ಮರ ಬೇಕು, ಬೇರೆ ಕೈ ಬೇಕು" ಎಂದರು. ಮಗು ಹಿಡಿದು ತಳ್ಳುತ್ತ ನಡೆಯುವ ಮೂರು ಗಾಲಿಯ ಗಾಡಿಯೊಂದನ್ನು ತೋರಿಸಿ, "ಇದಾದರೆ ಕೊಡ್ತೀನಿ, ಅದೂ ಈಗ ಬೇಡ, ಮಗು ಹಿಡಿದು ನಿಲ್ಲೋ ಹೊತ್ತಿಗೆ ಬನ್ನಿ" ಎಂದರು. ವ್ಯಾಪಾರವಿಲ್ಲದ ದಿನಗಳಲ್ಲಿ ಬಂದ ಗಿರಾಕಿಯನ್ನು ಹೀಗೆ ಹಿಂದಕ್ಕೆ ಕಳುಹಿಸುವವರನ್ನು ಕಂಡು ನಮಗೆ ಗೌರವವುಂಟಾಯಿತು.

ಈ ಮಾತು ನಡೆಯುತ್ತಿರುವಾಗ ನಮ್ಮ ಮನೆಯವರು ನೆಲದ ಮೇಲೆ ಹರಡಿದ್ದ ಗಿಲಕಿಗಳನ್ನು ಆರಿಸುವುದಕ್ಕೆಂದು ಕುಕ್ಕರಗಾಲಿನಲ್ಲಿ ಕುಳಿತಿದ್ದರು. ಏಳಬೇಕಾದಾಗ ಏಳಲಾಗಲಿಲ್ಲ. ಒಂದು ಸಲ ಯತ್ನಿಸಿದರು. ಮತ್ತೊಂದು ಗಿಲಕಿಯನ್ನು ನೋಡುವವರಂತೆ ಮತ್ತೆ ಕುಳಿತರು. ಎರಡನೆಯ ಸಲವೂ ಹಾಗೆಯೇ. ಸೊಸೆ ಅದನ್ನು ಕಂಡು, ಏನೂ ಹೇಳದೆ, ಎರಡು ಕೈಗಳನ್ನೂ ಕೊಟ್ಟು ಎಬ್ಬಿಸಿದಳು. ಮೊಣಕಾಲು ನೋವೆಂದು ಅವರು ನಮಗೆ ಹೇಳುತ್ತಿದ್ದರು, ಇಲ್ಲವೆಂದಲ್ಲ. ಆದರೆ ನೆಲದಿಂದ ಏಳಲಾರದಷ್ಟೆಂದು ನಮಗೆ ತಿಳಿದಿರಲಿಲ್ಲ, ತಿಳಿಯಗೊಡಲಿಲ್ಲ. ಕೆಲವು ತಿಂಗಳುಗಳಿಂದ ದೇವರ ಮನೆಯಲ್ಲಿ ಮಣೆಯ ಬದಲು ಸ್ಟೂಲು ಬಂದಿದ್ದುದೂ, ಕೂಸಿಗೆ ಉಣ್ಣಿಸುವಾಗ ಅವರು ಎತ್ತಿಕೊಂಡು ಕಾಗೆ ಗುಬ್ಬಿ ತೋರಿಸುತ್ತ ಮನೆಯೆಲ್ಲ ತಿರುಗುತ್ತಿದ್ದುದೂ ಆಗ ನೆನಪಾಯಿತು. ಅದು ಮುದ್ದಿನಿಂದಲೆಂದು ತಿಳಿದಿದ್ದೆವು. ಎಂಟು ಕಿಲೋ ತೂಗುವ ಕೂಸನ್ನು ಅರ್ಧ ಗಂಟೆ ಸೊಂಟದ ಮೇಲೆ ಹೊರುವುದು ಕೇವಲ ಮುದ್ದಿನಿಂದಲ್ಲ. ಕಾಲು ಚಾಚಿ ನೆಲದಲ್ಲಿ ಕುಳಿತರೆ ಏಳುವುದು ಹೇಗೆಂಬ ಚಿಂತೆಯಿಂದ.

ಅಲ್ಲಿಂದ ಮೈಸೂರಿನ ಕಡೆಗೆ ಮೂರು ಕಿಲೋಮೀಟರು ಹೋದರೆ ದೊಡ್ಡಮಳೂರು. ಚೋಳರ ಕಾಲದ ಅಪ್ರಮೇಯಸ್ವಾಮಿಯ ದೇವಾಲಯ. ಜನರು ಹೆಚ್ಚಾಗಿ ಬರುವುದು ಒಳಗಿರುವ ಅಂಬೆಗಾಲು ಕೃಷ್ಣನಿಗಾಗಿ. ಒಂದು ಕೈಯಲ್ಲಿ ಬೆಣ್ಣೆ ಹಿಡಿದು ನೆಲದಲ್ಲಿ ಅಂಬೆಗಾಲಿಕ್ಕುವ ಶಿಶುವಿನ ವಿಗ್ರಹ. ಪುರಂದರದಾಸರು ಇಲ್ಲಿಗೆ ಬಂದು ಹಾಡಿದರೆಂಬುದು ಸ್ಥಳದ ನಂಬಿಕೆ. ಸಂತಾನವನ್ನು ಬೇಡಿದವರು ಪುಟ್ಟ ಪುಟ್ಟ ತೊಟ್ಟಿಲುಗಳನ್ನು ಒಪ್ಪಿಸುತ್ತಾರೆ. ನಮ್ಮ ಮೊಮ್ಮಗನಿಗಿಂತ ಮುಂಚೆ ಸೊಸೆಗೆ ಒಂದು ಗರ್ಭ ನಿಲ್ಲದೆಹೋದ ಮೇಲೆ ನಮ್ಮ ಮನೆಯವರು ಇಲ್ಲಿ ಹರಕೆ ಹೊತ್ತಿದ್ದರಂತೆ. ಅದನ್ನು ತೀರಿಸಲು ಸೆರಗಿನಲ್ಲಿ ಒಂದು ಬೆಳ್ಳಿಯ ತೊಟ್ಟಿಲನ್ನು ಕಟ್ಟಿಕೊಂಡು ಬಂದಿದ್ದರು. ಇದೂ ನಮಗೆ ಹೊಸ ಸುದ್ದಿ. ಸೊಸೆಗೂ ಹೊಸದು. ಅತ್ತೆಯೂ ಸೊಸೆಯೂ ತೊಟ್ಟಿಲನ್ನು ಜೊತೆಯಾಗಿ ಹಿಡಿದು ಅರ್ಚಕರ ತಟ್ಟೆಯಲ್ಲಿಟ್ಟರು.

ಪ್ರಾಕಾರದ ಕಲ್ಲು ಜಗಲಿಯ ಮೇಲೆ ವಾದದ ತೀರ್ಮಾನವಾಯಿತು. ಜಗಲಿ ಎತ್ತರವಾದುದರಿಂದ ನಮ್ಮ ಮನೆಯವರು ಸುಖವಾಗಿ ಕುಳಿತಿದ್ದರು. ಸೊಸೆ ಕೂಸನ್ನು ಅವರೆದುರಿಗೆ ಹಿಡಿದಿದ್ದಳು. ಅವರು ಬಾಳೆಯ ಹಣ್ಣನ್ನು ಮಸೆದು ತಿನ್ನಿಸುತ್ತಿದ್ದರು. ಕೂಸು ಅಜ್ಜಿಯ ಮುಖವನ್ನೇ ನೋಡುತ್ತ, ಸಾಕಾದಾಗ ಮುಖ ತಿರುಗಿಸುತ್ತ, ತಾನೇ ಕೈ ಚಾಚಿ ಹಣ್ಣನ್ನು ಹಿಸುಕುತ್ತ ತಿಂದಿತು. ಕಾಗೆ ಗುಬ್ಬಿಗಳನ್ನು ತೋರಿಸಬೇಕಾಗಲಿಲ್ಲ. "ಇಷ್ಟು ಎತ್ತರಕ್ಕೆ ಅವನು ಕೂತಿದ್ದರೆ ನನಗೆ ಕಷ್ಟವಿಲ್ಲ" ಎಂದರು ಅವರು, ಯಾರನ್ನೂ ನೋಡದೆ.

"ಕುರ್ಚಿ ಕೂಸಿಗೆ ಬೇಕಾಗಿಲ್ಲ ಅತ್ತೆ, ನಮಗೆ ಬೇಕು" ಎಂದಳು ಸೊಸೆ. "ನಿಮಗೆ" ಎನ್ನಬಹುದಾಗಿತ್ತು, ಎನ್ನಲಿಲ್ಲ. ಅವಳ ಈ ಒಂದು ಸರ್ವನಾಮವನ್ನು ನಾವು ಬಹಳ ಮೆಚ್ಚಿಕೊಂಡೆವು.

ನೆಲದಲ್ಲಿ ಕುಳಿತುಂಡು ನೆಲದಿಂದ ಸಲೀಸಾಗಿ ಏಳಬಲ್ಲವರ ಮನೆಯಲ್ಲಿ ಈ ಕುರ್ಚಿಗೆ ಹಣ ಸುರಿಯುವುದು ಅನಾವಶ್ಯಕವೆಂದೇ ನಮ್ಮ ಅಭಿಪ್ರಾಯ ಈಗಲೂ. ಗೋಡೆಯ ಮೂಲೆಗೆ ದಿಂಬು ಕೊಟ್ಟು ನೆಟ್ಟಗೆ ಕೂರಿಸಿ ಎದುರಿಗೆ ಕುಳಿತು ಉಣ್ಣಿಸಿದರೆ ಸಾಕು. ನೆಲದಿಂದ ಕೆಳಗೆ ಬೀಳುವವರಿಲ್ಲ. ಕೊಳ್ಳುವವರು ಹೋಟೆಲಿನಲ್ಲಿ ನಾವು ಕಲಿತುದನ್ನು ನೆನಪಿಟ್ಟುಕೊಳ್ಳಲಿ: ಕಾಲುಗಳು ಕೂರುವ ಹಲಗೆಗಿಂತ ಅಗಲವಾಗಿ ಚಾಚಿರಬೇಕು, ಭುಜ, ಸೊಂಟ, ತೊಡೆಯ ನಡುವೆ ಹೀಗೆ ಐದು ಕಡೆ ಹಿಡಿಯುವ ಪಟ್ಟಿಯಿರಬೇಕು, ಅದನ್ನು ಪ್ರತಿಸಲವೂ ಹಾಕಬೇಕು, ಪಾದಕ್ಕೆ ಊರುವ ಹಲಗೆಯಿದ್ದರೆ ಕೂಸು ಸ್ಥಿರವಾಗಿ ಕೂರುತ್ತದೆ, ಒದೆಯಲು ಗೋಡೆಯಾಗಲಿ ಮೇಜಾಗಲಿ ಸಿಕ್ಕಬಾರದು, ಕೂರಿಸಿ ಒಲೆಯ ಕಡೆಗೆ ಹೋಗಬಾರದು. ನಾರ್ವೆ ದೇಶದ ಪೀಟರ್ ಓಪ್ಸ್ವಿಕ್ ಎಂಬವರು 1972ರಲ್ಲಿ ರಚಿಸಿದ, ಮಗು ಬೆಳೆದಂತೆಲ್ಲ ಹಲಗೆಯನ್ನು ಇಳಿಸುತ್ತ ದೊಡ್ಡವರಾದ ಮೇಲೂ ಕೂರಬಹುದಾದ ಮರದ ಕುರ್ಚಿಯನ್ನು ಮಗನು ಫೋನಿನಲ್ಲಿ ತೋರಿಸಿದನು. ಬೆಲೆಯನ್ನು ಕೇಳಿ ನಾವು ಅರ್ಚಕರ ಬಳಿ ತೀರ್ಥಕ್ಕೆ ಹೋದೆವು.

ಕೊನೆಗೆ ಬಂದುದು ಸಾಮಾನ್ಯವಾದ ಪ್ಲಾಸ್ಟಿಕ್ಕಿನದೇ. ತಟ್ಟೆಯನ್ನು ಕಳಚಿ ನಲ್ಲಿಯ ಕೆಳಗೆ ತೊಳೆಯಬಹುದು. ರಾಗಿ ಸರಿ ಸಂದಿನಲ್ಲಿ ಒಣಗಿದರೆ ಸಿಮೆಂಟಿನಂತಾಗುತ್ತದೆಂಬುದನ್ನು ಬಲ್ಲವರು ಈ ಗುಣವನ್ನು ಸಣ್ಣದೆನ್ನಲಾರರು. ಸೊಸೆ ಕೆಲಸಕ್ಕೆ ಹೋದ ಮೊದಲ ದಿನ ಹನ್ನೆರಡು ಗಂಟೆಗೆ ನಮ್ಮ ಮನೆಯವರು ಎದುರಿಗೆ ಕುರ್ಚಿ ಹಾಕಿಕೊಂಡು ಕುಳಿತು ಉಣ್ಣಿಸಿದರು. ಊಟವಾದ ಮೇಲೆ ಪಟ್ಟಿಯ ಕೊಂಡಿ ಅವರಿಂದ ಬಿಚ್ಚಲಾಗಲಿಲ್ಲ, ನಮ್ಮನ್ನು ಕರೆದರು. ನಮ್ಮಿಂದಲೂ ಆಗಲಿಲ್ಲ. ಕೂಸು ನಮ್ಮಿಬ್ಬರ ಬೆರಳುಗಳನ್ನೂ ಬಹಳ ಆಸಕ್ತಿಯಿಂದ ನೋಡುತ್ತಿದ್ದನು. ಸೊಸೆಗೆ ಫೋನು ಮಾಡಿದೆವು. "ಎರಡು ಪಕ್ಕವನ್ನೂ ಒಟ್ಟಿಗೆ ಒತ್ತಿ ಮಾವ" ಎಂದಳು.