ವಂಶಾವಳಿಯ ಗೆರೆಗಳು ಮತ್ತು ಅನಂತ ಜಾಲಾಕೃತಿ

ನನ್ನ ವಿದ್ಯಾರ್ಥಿಗಳಾಗಿದ್ದವರಿಗೆ ಜಾಲಾಕೃತಿಯ ಪಾಠ ನೆನಪಿರಬಹುದು. ಕೆಲವು ಬಿಂದುಗಳು, ಅವುಗಳನ್ನು ಜೋಡಿಸುವ ಕಂಸಗಳು. ಇಷ್ಟೇ ಅದರ ಬಂಡವಾಳ. ಕಂಸಗಳು ಒಂದನ್ನೊಂದು ಕತ್ತರಿಸದಂತೆ ಬರೆದ, ಎಲ್ಲಿಯೂ ತುಂಡಾಗದ ಜಾಲಾಕೃತಿಯಲ್ಲಿ ಬಿಂದುಗಳ ಮತ್ತು ವಲಯಗಳ ಮೊತ್ತವು ಕಂಸಗಳ ಸಂಖ್ಯೆಗಿಂತ 2 ಹೆಚ್ಚೆಂಬ ಆಯ್ಲರನ ಸೂತ್ರವನ್ನು ಎಷ್ಟು ಸಲ ಬಾಯಿಪಾಠ ಮಾಡಿಸಿದ್ದೇನೋ! ಆದರೆ ಬಿಂದುಗಳಿಗೆ ಕೊನೆಯೇ ಇಲ್ಲದಿದ್ದರೆ ಏನಾಗುವುದೆಂದು ನಾವು ತರಗತಿಯಲ್ಲಿ ಕೇಳಿಕೊಳ್ಳಲಿಲ್ಲ. ಎಣಿಕೆಯ ಸೂತ್ರಗಳು ಅಲ್ಲಿ ಕೈಕೊಡುತ್ತವೆ. ಪರಿಮಿತ ಜಾಲಾಕೃತಿಗಳ ಅಧ್ಯಯನವು ನಮಗೆ ದೂರದ್ದೇನಲ್ಲ, ಧಾರವಾಡದಲ್ಲಿ ಇ. ಸಂಪತ್‌ಕುಮಾರ್ ಮತ್ತು ಎಚ್. ಬಿ. ವಾಲೀಕಾರರು 1979ರಲ್ಲಿ ಪ್ರಕಟಿಸಿದ ಪ್ರಬಂಧವನ್ನು ಆ ಶಾಸ್ತ್ರದವರು ಇಂದಿಗೂ ಉಲ್ಲೇಖಿಸುತ್ತಾರೆ. ಅನಂತ ಜಾಲಾಕೃತಿಯ ವಿಚಾರ ಮಾತ್ರ ನನ್ನ ಬಳಿಗೆ ಬಂದದ್ದು ಮನೆಯ ದಾರಿಯಿಂದ.

ನಮ್ಮ ಮನೆತನದ ವಂಶಾವಳಿಯನ್ನು ಹೊಸದಾಗಿ ಬರೆದುಕೊಡಬೇಕೆಂದು ಖಾನಾಪುರ ತಾಲೂಕಿನ ಬಂಧುಗಳು ಕೇಳಿದ್ದಾರೆ. ಹಳೆಯ ಹಾಳೆಯಲ್ಲಿ ಒಂಬತ್ತು ತಲೆಮಾರುಗಳಿವೆ. ಎಲ್ಲವೂ ಗಂಡಸರ ಹೆಸರುಗಳೇ. ಗಂಡುಸಂತಾನವಿಲ್ಲದವರ ಹೆಸರಿನ ಕೆಳಗೆ ಸಣ್ಣದೊಂದು ಸೊನ್ನೆಯನ್ನಿಟ್ಟು ಆ ಶಾಖೆಯನ್ನು ಮುಗಿಸಲಾಗಿದೆ. ನನಗಿರುವವರು ಇಬ್ಬರು ಹೆಣ್ಣುಮಕ್ಕಳು. ಪದ್ಧತಿಯಂತೆ ನಡೆದರೆ ನನ್ನ ಹೆಸರಿನ ಕೆಳಗೆ ನಾನೇ ಸೊನ್ನೆ ಬರೆಯಬೇಕು. ಬರೆಯುವುದಿಲ್ಲವೆಂದು ಹೇಳಿದಾಗ ಕಾಕಾನ ಮಗ ನಕ್ಕು, "ಅಣ್ಣಾ, ಹೆಣ್ಮಕ್ಕಳ ಹೆಸರೂ ಬರಕೋತ ಹೋದ್ರ ಈ ಗಿಡ ಎಲ್ಲಿಗೆ ಹೋಗಿ ಮುಟ್ಟತೈತಿ?" ಎಂದ. ಪ್ರಶ್ನೆ ಒಳ್ಳೆಯದೇ. ಅದಕ್ಕೆ ಗಣಿತದಲ್ಲಿ ಉತ್ತರವೂ ಉಂಟು.

ಬುಡಾಪೆಸ್ಟಿನ ಗಣಿತಜ್ಞ ಡೇನೆಶ್ ಕೋನಿಗ್ 1927ರಲ್ಲಿ ಒಂದು ಪ್ರಮೇಯವನ್ನು ಪ್ರಕಟಿಸಿದರು. 1936ರಲ್ಲಿ ಜರ್ಮನ್ ಭಾಷೆಯಲ್ಲಿ ಬಂದ ಅವರ ಗ್ರಂಥವು ಜಾಲಾಕೃತಿಗಳ ಬಗೆಗಿನ ಮೊದಲ ಪಠ್ಯಗ್ರಂಥವೆಂದು ಹೆಸರಾದದ್ದು. ಪರಿಮಿತ, ಅಪರಿಮಿತ ಎಂಬೆರಡು ಮಾತುಗಳೂ ಅದರ ಶೀರ್ಷಿಕೆಯಲ್ಲೇ ಇವೆ. ಪ್ರಮೇಯವನ್ನು ವಂಶದ ಮಾತಿನಲ್ಲಿ ಹೀಗೆ ಹೇಳಬಹುದು: ಪ್ರತಿಯೊಬ್ಬರಿಗೂ ಎಣಿಸಿ ಮುಗಿಯುವಷ್ಟೇ ಮಕ್ಕಳಿದ್ದು, ಒಟ್ಟು ಸಂತತಿಯು ಅನಂತವಾಗಿದ್ದರೆ, ತಾಯಿತಂದೆಯಿಂದ ಮಕ್ಕಳಿಗೆ ಇಳಿಯುತ್ತ ಎಂದೂ ನಿಲ್ಲದ ಒಂದು ಎಳೆಯಾದರೂ ಅದರಲ್ಲಿ ಇದ್ದೇ ಇರುತ್ತದೆ.

ಸಾಧನೆಯನ್ನು ಒಂಬತ್ತನೆಯ ತರಗತಿಯ ಮಕ್ಕಳೂ ತಿಳಿಯಬಲ್ಲರು. ಮೂಲಪುರುಷನಿಗೆ ಐವರು ಮಕ್ಕಳೆನ್ನಿ. ಐವರ ಸಂತತಿಯೂ ಪರಿಮಿತವಾಗಿದ್ದರೆ, ಐದು ಪರಿಮಿತ ಸಂಖ್ಯೆಗಳನ್ನು ಕೂಡಿದಾಗ ಬರುವುದು ಪರಿಮಿತವೇ. ಮೊತ್ತವು ಅನಂತವೆಂದು ಮೊದಲೇ ಒಪ್ಪಿದ್ದೇವೆ. ಆದುದರಿಂದ ಐವರಲ್ಲಿ ಒಬ್ಬರಾದರೂ ಅನಂತ ಸಂತತಿಯುಳ್ಳವರು. ಅವರ ಬಳಿಗೆ ಇಳಿಯಿರಿ, ಅವರ ಮಕ್ಕಳ ವಿಷಯದಲ್ಲಿ ಅದೇ ವಾದವನ್ನು ಹೂಡಿರಿ. ಹೀಗೆ ಇಳಿಯುತ್ತಲೇ ಹೋಗಬಹುದು. ಆದರೆ ಆ ಒಬ್ಬರು ಯಾರು? ಪ್ರಮೇಯವು ಅದನ್ನು ಹೇಳುವುದಿಲ್ಲ. ಈವರೆಗೆ ಬರೆದ ಗೆರೆಗಳನ್ನಷ್ಟೇ ನೋಡಿ ಹೇಳಲು ಯಾರಿಂದಲೂ ಆಗದು. ಇಂದು ತುಂಬಿಕೊಂಡಿರುವ ಶಾಖೆ ನಾಲ್ಕು ತಲೆಮಾರಿಗೆ ಬತ್ತಬಹುದು, ಒಂಟಿ ಮಗಳ ಬಡಕಲು ಗೆರೆಯೇ ಮುಂದೆ ಹರಿಯಬಹುದು.

ಮಕ್ಕಳು ಪರಿಮಿತವೆಂಬ ನಿಬಂಧನೆಯನ್ನು ಅಲಕ್ಷಿಸುವಂತಿಲ್ಲ. ಒಂದು ಬಿಂದುವಿನಿಂದ ಒಂದು ಕಂಸದ ಉದ್ದದ ಕೊಂಬೆ, ಎರಡರ ಉದ್ದದ್ದು, ಮೂರರದ್ದು, ಹೀಗೆ ಅನಂತ ಕೊಂಬೆಗಳು ಹೊರಟವೆನ್ನಿ. ಎಷ್ಟು ಉದ್ದದ ಕೊಂಬೆ ಬೇಕೆಂದರೂ ಅಲ್ಲಿ ಸಿಗುತ್ತದೆ, ಕೊನೆಯಿಲ್ಲದ ಕೊಂಬೆ ಒಂದೂ ಇಲ್ಲ! ಅನಂತದ ಇಂಥ ಚೇಷ್ಟೆಗಳು ನನಗೆ ಬಹಳ ಪ್ರಿಯ.

ಇನ್ನು ಹೆಣ್ಣುಮಕ್ಕಳನ್ನು ಸೇರಿಸುವ ಮಾತು. ಸೇರಿಸಿದೊಡನೆ ವಂಶಾವಳಿಯು ವೃಕ್ಷವಾಗಿ ಉಳಿಯುವುದಿಲ್ಲ. ನಮ್ಮಲ್ಲಿ ಸೋದರಮಾವನಿಗೆ, ಸೋದರತ್ತೆಯ ಮಗನಿಗೆ ಹೆಣ್ಣು ಕೊಟ್ಟ ಮನೆಗಳೆಷ್ಟಿಲ್ಲ? ಬೇರೆಯಾದ ಕೊಂಬೆಗಳು ಮತ್ತೆ ಕೂಡಿ ಚಕ್ರಗಳಾಗುತ್ತವೆ. ಗಣಿತದ ವೃಕ್ಷದಲ್ಲಿ ಚಕ್ರಗಳಿರುವಂತಿಲ್ಲ. ಆದರೂ ಕೋನಿಗರ ಪ್ರಮೇಯಕ್ಕೆ ಧಕ್ಕೆಯಿಲ್ಲ: ತುಂಡಾಗದ ಯಾವುದೇ ಅನಂತ ಜಾಲಾಕೃತಿಯಲ್ಲಿ ಪ್ರತಿ ಬಿಂದುವಿಗೂ ಪರಿಮಿತ ಕಂಸಗಳಿದ್ದರೆ ಸಾಕು, ಒಮ್ಮೆ ಮುಟ್ಟಿದ ಬಿಂದುವನ್ನು ಮತ್ತೆ ಮುಟ್ಟದೆ ಸಾಗುವ ಕೊನೆಯಿಲ್ಲದ ದಾರಿಯೊಂದು ದೊರೆಯುತ್ತದೆ. ಯಾರನ್ನು ಬಿಂದುವೆಂದು ಎಣಿಸಬೇಕೆಂಬುದನ್ನು ಮಾತ್ರ ಗಣಿತವು ಹೇಳಿಕೊಡದು. ಅದು ನಮಗೆ ಬಿಟ್ಟದ್ದು.

ಹಳೆಯವರು ಹೇಗೆ ಎಣಿಸಿದರೆಂಬುದಕ್ಕೆ ನಮ್ಮ ತಾಲೂಕಿನಲ್ಲೇ ಸಾಕ್ಷಿಯಿದೆ. ಖಾನಾಪುರ ತಾಲೂಕಿನ ಹಲಸಿಯು ಬನವಾಸಿಯ ಕದಂಬರ ಎರಡನೆಯ ರಾಜಧಾನಿ. ಆಗಿನ ಹೆಸರು ಪಲಾಶಿಕಾ. ಅಲ್ಲಿ ದೊರೆತ ತಾಮ್ರಪಟಗಳ ನೆರವಿನಿಂದ ಕಾಕುಸ್ಥವರ್ಮ, ಶಾಂತಿವರ್ಮ, ಮೃಗೇಶವರ್ಮ, ರವಿವರ್ಮ, ಹರಿವರ್ಮ ಎಂಬ ಸಾಲನ್ನು ವಿದ್ವಾಂಸರು ಜೋಡಿಸಿದ್ದಾರೆ. ಹರಿವರ್ಮನೊಡನೆ ಆ ಶಾಖೆಯ ಆಳ್ವಿಕೆ ಮುಗಿದು, ಕಾಕುಸ್ಥನ ಇನ್ನೊಬ್ಬ ಮಗನ ಶಾಖೆಯ ಇಮ್ಮಡಿ ಕೃಷ್ಣವರ್ಮನಿಗೆ ರಾಜ್ಯ ಹೋಯಿತು. ಇದೇ ಕಾಕುಸ್ಥನು ತನ್ನ ಪುತ್ರಿಯರನ್ನು ಗುಪ್ತರೇ ಮೊದಲಾದ ರಾಜಮನೆತನಗಳಿಗೆ ಕೊಟ್ಟನೆಂದು ತಾಳಗುಂದದ ಶಾಸನವು ಹೊಗಳುತ್ತದೆ. ಅಷ್ಟು ಸಡಗರದ ಕಾವ್ಯದಲ್ಲಿ ಆ ಹುಡುಗಿಯರ ಹೆಸರುಗಳಿಲ್ಲ. ಅವರ ಮಕ್ಕಳು ಯಾರಾದರು, ಎಲ್ಲಿಗೆ ಹರಿದರು? ಆ ಕಂಸಗಳನ್ನು ಎಳೆಯುವುದಕ್ಕೆ ನಮ್ಮಲ್ಲಿ ಬಿಂದುವೇ ಇಲ್ಲ.

ಹೊಸ ಹಾಳೆಯಲ್ಲಿ ಈಗಾಗಲೇ ಐದು ತಲೆಮಾರುಗಳ ಹೆಣ್ಣುಮಕ್ಕಳ ಹೆಸರುಗಳನ್ನು ತುಂಬಿದ್ದೇನೆ. ಕಾಗದ ಸಾಲದೆ ಎರಡು ಹಾಳೆಗಳನ್ನು ಅಂಟಿಸಬೇಕಾಯಿತು. ನನ್ನ ಮುತ್ತಜ್ಜನ ಇಬ್ಬರು ತಂಗಿಯರ ಹೆಸರು ಮಾತ್ರ ಸಿಕ್ಕಿಲ್ಲ. ಒಬ್ಬರನ್ನು ನಂದಗಡದ ಕಡೆಗೂ ಇನ್ನೊಬ್ಬರನ್ನು ಬೈಲಹೊಂಗಲದ ಕಡೆಗೂ ಕೊಟ್ಟಿದ್ದರೆಂದು ನಮ್ಮ ಅಜ್ಜಿ ಹೇಳುತ್ತಿದ್ದರು. ಬಂಧುಗಳಲ್ಲಿ ಬಲ್ಲವರಿದ್ದರೆ ದಯವಿಟ್ಟು ಬರೆದು ತಿಳಿಸಬೇಕು. ಅವರಿಗಾಗಿ ಎರಡು ಬಿಂದುಗಳನ್ನು ಪೆನ್ಸಿಲಿನಲ್ಲಿ ಗುರುತುಮಾಡಿ ಇಟ್ಟಿದ್ದೇನೆ.