ಒಂದ ಕೈಯ ಜೋಡು

ಸಂಜೆ ದೀಪ ಹಚ್ಚಿದ ಮೇಲೆ ನಾನು ಚಪ್ಪಲಿಗಳ ಫೋಟೊ ಹರವಿಕೊಂಡು ಕೂಡುತ್ತೇನೆ. ನಮ್ಮ ಅಥಣಿಯವೇ, ಪೇಟೆಯಲ್ಲಿ ಅವಕ್ಕೆ ಕೊಲ್ಹಾಪುರಿ ಎಂದು ಹೆಸರು. 2019ರಲ್ಲಿ ಭೌಗೋಳಿಕ ಸೂಚಕದ (ಜಿಐ) ಮಾನ್ಯತೆ ಸಿಕ್ಕಾಗ ಮಹಾರಾಷ್ಟ್ರದ ನಾಲ್ಕು ಜಿಲ್ಲೆಗಳ ಜತೆ ಬೆಳಗಾವಿ ಸೇರಿ ನಮ್ಮ ನಾಲ್ಕೂ ಆ ಹೆಸರಿಗೆ ಹಕ್ಕುದಾರವಾದವು. ಆ ಹಿಗ್ಗು ನನಗಿನ್ನೂ ಆರಿಲ್ಲ.

ಒಂದು ಚಪ್ಪಲಿಯ ಚಿತ್ರ ಕೊಟ್ಟರೆ ಅದನ್ನು ಹೋಲುವವನ್ನು ಹುಡುಕಿಕೊಡುವಂತೆ ಪುಟ್ಟ ನರಜಾಲವೊಂದನ್ನು ಪಳಗಿಸುವುದು ನನ್ನ ಹವ್ಯಾಸ. ಜಾಲ ಪ್ರತಿ ಚಿತ್ರವನ್ನೂ 128 ಅಂಕಿಗಳ ಸಾಲು ಮಾಡುತ್ತದೆ. ಹೋಲುವವುಗಳ ಸಾಲು ಹತ್ತಿರ ಬರಬೇಕು, ಹೋಲದವು ದೂರ ಸರಿಯಬೇಕು. ಪಾಠಕ್ಕೆ ಮೂರು ಚಿತ್ರ: ಒಂದು ಚಪ್ಪಲಿ, ಅದರದೇ ಮಾದರಿಯ ಇನ್ನೊಂದು, ಬೇರೆಯದೊಂದು. 2015ರಲ್ಲಿ ಗೂಗಲ್‌ನವರ ಫೇಸ್‌ನೆಟ್ ಮುಖ ಗುರುತಿಸಲು ಕಲಿತದ್ದು ಹೀಗೆಯೇ.

ರುಚಿ ಇರುವುದು ಆ ಮೂರನೆಯದನ್ನು ಆರಿಸುವುದರಲ್ಲಿ. ಚಪ್ಪಲಿಯ ಎದುರು ಬೂಟು ಇಟ್ಟರೆ ಜಾಲ ಏನೂ ಕಲಿಯದು. ಅವು ಆಗಲೇ ಸಾಕಷ್ಟು ದೂರ. ಚಪ್ಪಲಿಯ ಬದಿಗಿರುವ ಕಿವಿಯ ಅಗಲದಲ್ಲಿ ಎಳೆಯಷ್ಟೇ ವ್ಯತ್ಯಾಸವಿರುವುದನ್ನು ಇಟ್ಟರೆ ಕಲಿಯುತ್ತದೆ. ಆದರೆ ಮೊದಲ ದಿನದಿಂದಲೇ ತೀರ ಕಠಿಣವಾದದ್ದನ್ನು ಉಣಿಸಿದರೆ ಎಲ್ಲ ಚಿತ್ರಗಳನ್ನೂ ಒಂದೇ ಬಿಂದುವಿಗೆ ತಂದು ಗುಡ್ಡೆ ಹಾಕಿಬಿಡಬಹುದು. ಕೂಸಿಗೆ ಮೊದಲು ಗಂಜಿ, ಆಮೇಲೆ ರೊಟ್ಟಿ.

ಒಮ್ಮೆ ನನ್ನ ಜಾಲ ಬಲು ಚೆನ್ನಾಗಿ ಕಲಿತಂತೆ ಕಂಡಿತು. ನೋಡಿದರೆ ಅದು ಹೋಲಿಸುತ್ತಿದ್ದದ್ದು ನೆಲವನ್ನು! ಶಹಾಬಾದಿ ಕಲ್ಲಿನ ಮೇಲೆ ತೆಗೆದವೆಲ್ಲ ಒಂದು ಕಡೆ, ಸೆಗಣಿ ಸಾರಿಸಿದ ಅಂಗಳದವು ಇನ್ನೊಂದು ಕಡೆ. ಒಂದೇ ಚಪ್ಪಲಿಯನ್ನು ಬೇರೆ ಬೇರೆ ನೆಲದ ಮೇಲೆ, ಬೇರೆ ಬೇರೆ ಚಪ್ಪಲಿಗಳನ್ನು ಒಂದೇ ನೆಲದ ಮೇಲೆ ಇಟ್ಟು ಮತ್ತೆ ಫೋಟೊ ತೆಗೆದೆ. ಎರಡು ತಿಂಗಳು ಹಿಡಿಯಿತು. ಆಮೇಲೆ ಜಾಲದ ಕಣ್ಣು ಮೊದಲ ಬಾರಿ ಚರ್ಮದ ಮೇಲೆ ಬಿತ್ತು.

ಹೋದ ವಾರ, ಚಪ್ಪಲಿ ಹೆಣೆಯುವ ಅಜ್ಜಿಯೊಬ್ಬರಿಗೆ ಫಲಿತಾಂಶ ತೋರಿಸಿದೆ. ಒಂದು ಜಾಲಿ ತೊಗಟೆಯಲ್ಲಿ ಹದಗೊಂಡ ಚರ್ಮದ ಸಹಜ ಬಣ್ಣದ್ದು, ಇನ್ನೊಂದು ಕರಿಬಣ್ಣ ಹಚ್ಚಿದ್ದು. ಜಾಲ ಎರಡನ್ನೂ ದೂರ ದೂರ ಇಟ್ಟಿತ್ತು. ಅಜ್ಜಿ ಎರಡರ ಮೇಲೂ ಬೆರಳಿಟ್ಟರು.

"ಇವೆರಡೂ ಒಂದ ಕೈಯಾಗಿನವು, ತಮ್ಮಾ. ಬಣ್ಣ ಬಿಡು. ಹೆಣಿಗಿ ನೋಡು, ತುದಿಗೆ ಎಷ್ಟು ಬಿಗಿ ಹಿಡದಾಳ."

ಫೋಟೊ ಹಿಗ್ಗಿಸಿದೆ. ಎರಡರಲ್ಲೂ ಕೊನೆಯ ಮೂರು ಎಳೆ ಒಂದೇ ತೆರನಾಗಿ ಒತ್ತಿ ಕೂತಿದ್ದವು. ಆ ರಾತ್ರಿ ಆ ಜೋಡಿಯನ್ನೇ ಮುಂದಿಟ್ಟು ಪಾಠ ಮತ್ತೆ ಶುರುಮಾಡಿದೆ.